ಪೆಟ್ಟಿಗೆಯಲ್ಲಿ ಬೆಟ್ಟದ ರಾತ್ರಿ

ಏಪ್ರಿಲ್ ಸಂಜೆ, ಬೆಂಗಳೂರಿನ ಮನೆಯೊಂದರ ಹಿಂಬದಿಯ ಕೋಣೆ. ತಲೆಯ ಮೇಲಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದೆ. ನಿಮ್ಮ ಮುಂದಿರುವುದು ಐಸ್‌ಕ್ರೀಮ್ ಅಂಗಡಿಯವರು ಮಾರಿದ ಹಳೆಯ ಡೀಪ್ ಫ್ರೀಜರ್. ಅದರ ತಗಡಿನ ಮುಚ್ಚಳ ಹೋಗಿ ಗಾಜಿನ ಹಲಗೆ ಬಂದಿದೆ. ಗಾಜಿನ ಮೇಲೆ ಗೇಣುದ್ದ ಬಿಟ್ಟು ಎಲ್‌ಇಡಿ ದೀಪಗಳು. ದೀಪದ ಕಾವು ಒಳಗಿಳಿಯಬಾರದೆಂದೇ ಅವು ಹೊರಗಿವೆ. ಪಕ್ಕದ ಮೇಜಿನ ಮೇಲೆ ಬೆರಳುದ್ದದ ಸಸಿಯೊಂದು ಕಾದಿದೆ: ನೆಪೆಂಥಿಸ್ ಲೋವಿ, ಬೋರ್ನಿಯೊ ದ್ವೀಪದ, ಹುಳು ಹಿಡಿಯುವ ಹೂಜಿ ಗಿಡ.

1851ರಲ್ಲಿ ಅಲ್ಲಿನ ಕಿನಬಾಲು ಬೆಟ್ಟ ಹತ್ತಿದ ಹ್ಯೂ ಲೋ ಅದನ್ನು ಸಂಗ್ರಹಿಸಿ ತಂದರು. ಗಿಡಕ್ಕೆ ಅವರದೇ ಹೆಸರು. ಸುಮಾರು 1,650ರಿಂದ 2,600 ಮೀಟರ್ ಎತ್ತರದ ಮಂಜುಕಾಡು ಅದರ ತವರು. ಭೂಮಧ್ಯರೇಖೆ ಹತ್ತಿರವಾದ್ದರಿಂದ ಅಲ್ಲಿ ಬೇಸಿಗೆ, ಚಳಿಗಾಲಗಳ ಭೇದ ಕಡಿಮೆ. ಹಿತವಾದ ಹಗಲಿನ ಬೆನ್ನಿಗೇ ನಡುಗಿಸುವ ರಾತ್ರಿ ಬರುತ್ತದೆ. ರಾತ್ರಿಯೂ ಸೆಕೆಯಿದ್ದರೆ ಗಿಡ ಹಗಲೆಲ್ಲ ಗಳಿಸಿದ್ದನ್ನು ಉಸಿರಾಟದಲ್ಲೇ ಕಳೆದುಕೊಂಡು ಸೊರಗುತ್ತದೆ. ಬೆಳಕು, ತೇವಗಳನ್ನು ಒದಗಿಸುವುದು ಸುಲಭ. ಕಷ್ಟವಿರುವುದು ಆ ರಾತ್ರಿಯನ್ನು ಕಟ್ಟುವುದರಲ್ಲಿ.

ಮೊದಲು ಬೇರಿನ ಕೆಲಸ. ಸ್ಫ್ಯಾಗ್ನಮ್ ಪಾಚಿಯನ್ನೂ ಪರ್ಲೈಟನ್ನೂ ಸಮಸಮ ಬೆರೆಸಿ ಹಿಂಡಿ. ಬೆರಳಸಂದಿಯಿಂದ ಒಂದೆರಡು ಹನಿ ಇಳಿದರೆ ಹದ ಸರಿ, ಕುಂಡಕ್ಕೆ ತುಂಬಿ ಸಸಿ ನೆಡಿ. ಮಣ್ಣು ಬೇಡ, ಬೇರಿಗೆ ಗೊಬ್ಬರ ಬೇಡ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರನ್ನು ಬೋರ್‌ವೆಲ್ ನೀರಿಗೆ ಅದ್ದಿ ನೋಡಿ, ಅಂಕಿ ನೂರುಗಳಲ್ಲಿದೆ. ಆ ಲವಣವೇ ಬೇರನ್ನು ಸುಡುತ್ತದೆ. ಈ ಗಿಡಕ್ಕೆ 50ರೊಳಗಿನ ಆರ್‌ಓ ನೀರು ಅಥವಾ ಮಳೆನೀರು ಬೇಕು.

ಈಗ ಪೆಟ್ಟಿಗೆಯೊಳಗೆ ಬಾಗಿ. ತಣ್ಣನೆಯ ಗಾಳಿ ಭಾರ, ತಳದಲ್ಲಿ ಕೂರುತ್ತದೆ. ಅದಕ್ಕೇ ಕುಂಡವನ್ನು ತಂತಿಯ ಜಾಲರಿಯ ಮೇಲೆ ಎತ್ತರಿಸಿ, ಮೂಲೆಯಲ್ಲಿ ಕಂಪ್ಯೂಟರಿನ ಪುಟ್ಟ ಫ್ಯಾನು ಕೂರಿಸಿ. ಅದು ಹಗಲಿರುಳೂ ತಿರುಗುತ್ತಿರಲಿ, ನಿಂತ ಗಾಳಿಯಲ್ಲಿ ಎಲೆಗೆ ಬೂಷ್ಟು ಹಿಡಿಯುತ್ತದೆ. ಫ್ರೀಜರಿನ ತಣ್ಣನೆಯ ಗೋಡೆಗಳು ಗಾಳಿಯ ತೇವವನ್ನೆಲ್ಲ ಹನಿಯಾಗಿಸಿ ಇಳಿಸುವುದರಿಂದ ಒಳಗೆ ಗಾಳಿ ಒಣಗುತ್ತದೆ. ಆ ನಷ್ಟ ತುಂಬಲು ಮಂಜು ಎಬ್ಬಿಸುವ ಫಾಗರ್ ಬೇಕು. ಅದಕ್ಕೂ ಆರ್‌ಓ ನೀರೇ, ಇಲ್ಲವಾದರೆ ಎಲೆಗಳ ಮೇಲೆ ಬಿಳಿ ಪುಡಿ ಕೂರುತ್ತದೆ. ಪ್ರತಿ ವಯರನ್ನೂ ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮೇಲೇರಿಸಿ. ಜಾರಿಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಬೇಕು, ಕರೆಂಟಿನ ಹತ್ತಿರ ಸುಳಿಯಬಾರದು.

ಥರ್ಮೋಸ್ಟಾಟಿನ ಸೆನ್ಸರನ್ನು ಎಲೆಯ ಮಟ್ಟದಲ್ಲಿ ತೂಗುಬಿಡಿ. ಹಗಲಿಗೆ 24 ಡಿಗ್ರಿ, ರಾತ್ರಿಗೆ 13.

ಆರು ಗಂಟೆಗೆ ಟೈಮರ್ ಟಿಕ್ ಎನ್ನುತ್ತದೆ, ದೀಪಗಳು ಆರುತ್ತವೆ. ಕಂಪ್ರೆಸರ್ ಗುಡುಗುಡು ಶುರುಮಾಡುತ್ತದೆ. 22. 19. ಕೈ ಒಳಗಿಟ್ಟರೆ ಮೊಣಕೈತನಕ ರೋಮಾಂಚನ, ಬೆನ್ನಿನ ಮೇಲೆ ಮಾತ್ರ ಅದೇ ಬೆವರು. 15. ಕೊನೆಗೆ 13ಕ್ಕೆ ತಲುಪಿ ಕಂಪ್ರೆಸರ್ ಸುಮ್ಮನಾಗುತ್ತದೆ. ಕರೆಂಟು ಹೋದರೆ ಒಳಗಿಡಲೆಂದು ಅಡುಗೆಮನೆಯ ಫ್ರಿಜ್ಜಿನಲ್ಲಿ ನೀರಿನ ಬಾಟಲಿಗಳು ಹೆಪ್ಪುಗಟ್ಟಿವೆ.

ಇನ್ನು ಕಾಯುವ ಕಾಲ. ಎಲೆಯ ತುದಿ ಕುಡಿಯಾಗಿ ಚಾಚುತ್ತದೆ, ಕುಡಿಯ ತುದಿ ಊದಿ ಹೂಜಿಯಾಗುತ್ತದೆ, ಒಂದು ದಿನ ಮುಚ್ಚಳ ಬಿರಿಯುತ್ತದೆ. ಬೆಳಕೋ ತೇವವೋ ಸಾಲದಿದ್ದರೆ ಕುಡಿ ಮೊಗ್ಗಿನಲ್ಲೇ ಒಣಗಿ ನಿಮಗೆ ಸುದ್ದಿ ಮುಟ್ಟಿಸುತ್ತದೆ.

ಬೆಳೆದ ಲೋವಿಯ ಮೇಲಿನ ಹೂಜಿಗಳು ಹುಳುಗಳನ್ನೇ ನೆಚ್ಚಿಲ್ಲ. ಅವುಗಳ ಮುಚ್ಚಳದಡಿ ಬಿಳಿಯ ಸಿಹಿ ಒಸರುತ್ತದೆ. ಬೆಟ್ಟದ ಟ್ರೀ ಶ್ರೂ ಎಂಬ ಪುಟ್ಟ ಪ್ರಾಣಿ ಹೂಜಿಯ ಮೇಲೆ ಕೂತು ಅದನ್ನು ನೆಕ್ಕಿ, ಹಿಕ್ಕೆಯನ್ನು ಹೂಜಿಯೊಳಗೇ ಹಾಕಿ ಹೋಗುತ್ತದೆ. ಎಲೆಗಳ ಸಾರಜನಕದ 57ರಿಂದ 100 ಪ್ರತಿಶತ ಈ ಹಿಕ್ಕೆಯಿಂದಲೇ ಎಂದು 2009ರ ಅಧ್ಯಯನವೊಂದು ತೋರಿಸಿತು. ನಿಮ್ಮ ಪೆಟ್ಟಿಗೆಗೆ ಟ್ರೀ ಶ್ರೂ ಬರುವುದಿಲ್ಲ. ನಿಧಾನವಾಗಿ ಕರಗುವ ಗೊಬ್ಬರದ ಒಂದು ಕಾಳನ್ನು ಹೂಜಿಗೆ ನೀವೇ ಹಾಕಬೇಕು.

ಕಾಡಿನಿಂದ ಗಿಡ ಕಿತ್ತರೆ ಈ ನಂಟೂ ಕಡಿಯುತ್ತದೆ. ಆದ್ದರಿಂದ ಸಸಿ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: ಇದು ಬೀಜದಿಂದ ಅಥವಾ ಅಂಗಾಂಶ ಕೃಷಿಯಿಂದ ಬಂದದ್ದೋ, ಕಾಡಿನಿಂದ ಕಿತ್ತದ್ದೋ? ನಮ್ಮ ದೇಶದ ಒಂದೇ ಹೂಜಿ ಗಿಡ, ಮೇಘಾಲಯದ ನೆಪೆಂಥಿಸ್ ಖಾಸಿಯಾನ, ಅಳಿವಿನಂಚಿಗೆ ಬಂದಿರುವುದರಲ್ಲಿ ಹೀಗೆ ಕಿತ್ತವರ ಪಾಲೂ ಇದೆ. ನಾವು ಕಟ್ಟುವ ರಾತ್ರಿ ಒಂದು ಗಿಡವನ್ನು ಬದುಕಿಸೀತು. ಗಿಡವನ್ನೂ ಅದರ ನೆಂಟರನ್ನೂ ಒಟ್ಟಿಗೆ ಸಾಕಬಲ್ಲದ್ದು ಬೆಟ್ಟ ಮಾತ್ರ.