ಕೇರಿಯಷ್ಟು ದೂರ: ಪಾಮನಕಲ್ಲೂರಿನ ಸುತ್ತಲಿನ ಟಿಪ್ಪಣಿಗಳು

ಹೊರಗಿನಿಂದ ಬಂದವರಿಗೆ ರಾಯಚೂರಿನ ಈ ಸೀಮೆಯಲ್ಲಿ ನೆಲೆ ಸಿಕ್ಕಿದೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂತು. ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಕಡೆ ಹರಿದಾಗ ಅದರ ಹಿಂದೆಯೇ ಆಂಧ್ರದ ರೈತರು ಬಂದರು. ಹೊಲ ಕೊಂಡರು, ನೆಲ ಮಟ್ಟ ಮಾಡಿ ಭತ್ತ ಹಚ್ಚಿದರು. ಅವರು ಗುಡಿಸಲು ಹಾಕಿದಲ್ಲೆಲ್ಲ ಒಂದೊಂದು ಕ್ಯಾಂಪ್ ಎದ್ದಿತು. ಮೊದಮೊದಲು ಮುನಿಸು, ಜಗಳ ಇದ್ದವು ಎಂದು ಹಿರಿಯರು ಹೇಳುತ್ತಾರೆ. ಈಗ ಆ ಮನೆಗಳ ಮಕ್ಕಳು ರಾಯಚೂರಿನ ಕನ್ನಡವನ್ನೇ ಮಾತಾಡುತ್ತಾರೆ.

ಪಾಮನಕಲ್ಲೂರಿಗೆ ಆ ನೀರು ಮುಟ್ಟಲಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರ ನವೆಂಬರಿನಿಂದ ರೈತರು ಇಲ್ಲಿ ಧರಣಿ ಕೂತರು, ತಿಂಗಳುಗಟ್ಟಲೆ ಏಳಲಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಜಡಿದು ಗುಳೆ ಹೋಗುವ ಊರುಗಳಿವು. ಬೆಂಗಳೂರಿನ ಶೆಡ್ಡುಗಳಲ್ಲಿ, ಪುಣೆಯ ಕಟ್ಟಡಗಳಲ್ಲಿ ಹೊರಗಿನವರಾಗಿ ಬದುಕುವುದು ಹೇಗೆಂದು ಇವರಿಗೆ ಚೆನ್ನಾಗಿ ಗೊತ್ತು. ಗೋವಾಕ್ಕೆ ದುಡಿಯಲು ಹೋದವರು 'ಘಾಟಿ' ಎಂಬ ಬೈಗುಳ ಕೇಳಿ ಬಂದಿದ್ದಾರೆ.

*

ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳು. 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಲಿ ಹಿಂದೂಗಳನ್ನು ಸರ್ಕಾರ ಇಲ್ಲಿ ತಂದು ಕೂಡಿಸಿತು, ಜಮೀನು ಕೊಟ್ಟಿತು. ನದಿಯ ನಾಡಿನವರು ಎರೆ ಹೊಲಕ್ಕೆ ಬಂದರು. ಇವತ್ತಿಗೂ ಅಲ್ಲಿ ದುರ್ಗಾಪೂಜೆ ಜೋರು. ಪೌರತ್ವ ಮಾತ್ರ ಅನೇಕರಿಗೆ ದಶಕಗಟ್ಟಲೆ ಬಗೆಹರಿಯಲಿಲ್ಲ. 2024ರ ಆಗಸ್ಟಿನಲ್ಲಿ ಕೆಲವರ ಕೈಗೆ ಪ್ರಮಾಣಪತ್ರ ಬಂತು.

ನನ್ನನ್ನು ಕಾಡುತ್ತಿರುವ ಸಂಗತಿ ಬೇರೆ. ಇವರಲ್ಲಿ ಬಹಳಷ್ಟು ಮಂದಿ ನಾಮಶೂದ್ರರು. ಬಂಗಾಲದಲ್ಲಿ ಅವರದು ಅಸ್ಪೃಶ್ಯರೆನಿಸಿಕೊಂಡ ಜಾತಿ. ಪಶ್ಚಿಮ ಬಂಗಾಳದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅವರಿದ್ದಾರೆ. ಸಿಂಧನೂರಿನ ಸಂತೆಗೆ ಬಂದು ಇಳಿದಾಗ ಅವರ ಜಾತಿ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಖ ನೋಡಿದರೆ ತಿಳಿಯಲಿಲ್ಲ, ಹೆಸರು ಕೇಳಿದರೂ ತಿಳಿಯಲಿಲ್ಲ. ಊರು ಅವರನ್ನು 'ಬಂಗಾಲಿಗಳು' ಎಂದು ಕರೆದು ಸುಮ್ಮನಾಯಿತು. ಹೋಟೆಲಿನ ಬೆಂಚಿನ ಮೇಲೆ ಕೂತರು, ಚಾ ಕುಡಿದರು. ಶತಮಾನಗಳ ಮೈಲಿಗೆ ಒಂದು ರೈಲು ಪ್ರಯಾಣದಲ್ಲಿ ಕಳಚಿ ಬಿದ್ದಿತ್ತು.

ಹಾಗಾದರೆ ಮೈಲಿಗೆ ಇದ್ದದ್ದು ಎಲ್ಲಿ? ಅವರ ಮೈಯಲ್ಲಂತೂ ಅಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಬರೆದಿಡಬೇಕು. 1946ರಲ್ಲಿ ಅಂಬೇಡ್ಕರ್ ಸಂವಿಧಾನ ಸಭೆಗೆ ಆಯ್ಕೆಯಾದದ್ದು ಮುಂಬಯಿಯಿಂದಲ್ಲ, ಬಂಗಾಲದಿಂದ. ಅದಕ್ಕೆ ದುಡಿದವರಲ್ಲಿ ಮುಖ್ಯರು ನಾಮಶೂದ್ರ ನಾಯಕ ಜೋಗೇಂದ್ರನಾಥ ಮಂಡಲ್. ದೇಶ ಒಡೆದಾಗ ಅಂಬೇಡ್ಕರರ ಆ ಸ್ಥಾನ ಹೋಯಿತು, ಆಮೇಲೆ ಅವರು ಮುಂಬಯಿಯಿಂದ ಮತ್ತೆ ಆರಿಸಿಬಂದರು. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿಗೆ ಸಭೆ ಒಪ್ಪಿಗೆ ಕೊಟ್ಟದ್ದು 1948ರ ನವೆಂಬರ್ 29ರಂದು. ಅಂಬೇಡ್ಕರರನ್ನು ಆ ಸಭೆಗೆ ಕಳಿಸಿದ ಸಮುದಾಯದ ಒಂದು ಕವಲು ಇವತ್ತು ನಮ್ಮ ಸಿಂಧನೂರಿನಲ್ಲಿ ಭತ್ತ ಬೆಳೆಯುತ್ತಿದೆ. ನಮ್ಮ ಶಾಲೆಗಳಲ್ಲಿ ಇದನ್ನು ಹೇಳಬೇಕು.

*

ಮಸ್ಕಿ ರಸ್ತೆಯ ಒಂದು ಊರು, ಹೆಸರು ಬೇಡ. ಬೆಳಿಗ್ಗೆ ವಗ್ಗರಣಿ-ಮಿರ್ಚಿ ಹೋಟೆಲು. ದಲಿತರಿಗೆ ಬೇರೆ ಲೋಟ ಇಡುವ ಎರಡು ಲೋಟದ ಪದ್ಧತಿ ಇದೆಯೇ ಎಂದು ನೋಡಲು ಕೂತೆ. ಲೋಟವೇ ಇಲ್ಲ. ಎಲ್ಲರಿಗೂ ಪೇಪರ್ ಕಪ್ಪು. ಗೌಡರಿಗೂ ಅದೇ, ಕೂಲಿಯವರಿಗೂ ಅದೇ. ಒಳ್ಳೆಯದಾಯಿತು ಎಂದು ಬರೆದುಕೊಂಡೆ.

ಅಷ್ಟರಲ್ಲಿ ದಲಿತ ಕೇರಿಯ ಹಿರಿಯರೊಬ್ಬರು ಬಂದರು. ಕಪ್ಪು ತಗೊಂಡು ಹೊರಗಿನ ಕಟ್ಟೆಯ ಅಂಚಿಗೆ ಕೂತರು. ಒಳಗೆ ಎರಡು ಬೆಂಚು ಖಾಲಿ, ಫ್ಯಾನು ತಿರುಗುತ್ತಿತ್ತು.

"ಒಳಗ ಬರ್ರಿ ಕಾಕಾ" ಅಂದೆ.

"ಇರ್ಲಿ ತಮ್ಮಾ, ಒಳಗ ಸೆಕಿ" ಅಂದರು.

ಹೋಟೆಲಿನವನು ನಮ್ಮಿಬ್ಬರ ಕಡೆಯೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗ ನೀರಿನ ಜಗ್ಗು ತಂದ. ಒಳಗಿದ್ದವರ ಮುಂದೆ ಅದನ್ನು ಇಟ್ಟ. ಹಿರಿಯರ ಹತ್ತಿರ ಇಡಲಿಲ್ಲ, ಎತ್ತಿ ಹಿಡಿದ. ಅವರು ಬೊಗಸೆಯೊಡ್ಡಿದರು. ಹುಡುಗನಿಗೆ ಹತ್ತೋ ಹನ್ನೊಂದೋ ವಯಸ್ಸಿರಬಹುದು. ಅವನಿಗೆ ಯಾರೂ ಹೇಳಿಕೊಟ್ಟಂತೆ ಕಾಣಲಿಲ್ಲ, ನೋಡಿ ಕಲಿತಿದ್ದ. ಪೇಪರ್ ಕಪ್ಪು ಬಂದು ಪುರಾವೆಯಷ್ಟೇ ಅಳಿಯಿತೇನೋ.

ಅದೇ ಹೊತ್ತಿಗೆ ಬಟ್ಟೆಗಂಟು ಹೊತ್ತ ಹೊರನಾಡಿನ ವ್ಯಾಪಾರಿಯೊಬ್ಬ ಬಂದು ನೆಟ್ಟಗೆ ಬೆಂಚಿನ ಮೇಲೆ ಕೂತ. ಜಗ್ಗು ಅವನ ಮುಂದೆ ಇತ್ತು.

*

ಮೊಹರಂ ಬಂದರೆ ಈ ಭಾಗದ ಹಳ್ಳಿಗಳಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ. ಮುಸಲ್ಮಾನರ ಮನೆ ಒಂದೂ ಇಲ್ಲದ ಊರಲ್ಲಿ ಸಹ ದೇವರು ಕೂರುತ್ತವೆ. ಲಿಂಗಾಯತರು, ಕುರುಬರು, ನಾಯಕರು ಹರಕೆ ಹೊತ್ತು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ. ಮುದಗಲ್ಲಿನ ಮೊಹರಂಗೆ ಸುತ್ತಲಿನ ಜಿಲ್ಲೆಗಳ ಮಂದಿ ನೆರೆಯುತ್ತಾರೆ. ಇದು ನನ್ನ ನಾಡಿನದೆಂದು ನನಗೆ ನಿಜಕ್ಕೂ ಹೆಮ್ಮೆ. ಕುಣಿತಕ್ಕೆ ಕಾಲು ಕೊಡುವುದು ಹಲಗಿ, ಅದನ್ನು ಬಾರಿಸುವವರು ಬಹುತೇಕ ಕೇರಿಯವರು. ಇನ್ನೊಂದು ಧರ್ಮದ ದೇವರನ್ನು ಹೆಗಲ ಮೇಲೆ ಹೊರಬಲ್ಲ ಊರಿಗೆ ಹಲಗಿಯವರನ್ನು ಒಳಗೆ ಕೂರಿಸುವುದು ಯಾಕೆ ಭಾರ?

*

ಪಕ್ಕದ ಕೊಪ್ಪಳ ಜಿಲ್ಲೆಯ ಎರಡು ಸುದ್ದಿ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು ತನ್ನ ಹುಟ್ಟುಹಬ್ಬದ ದಿನ ಗುಡಿಯೊಳಗೆ ಓಡಿತು. ಶುದ್ಧೀಕರಣಕ್ಕೆಂದು ಮನೆಯವರಿಗೆ ದಂಡ ಹಾಕಿದರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳು ಸುಟ್ಟವು. ಅದರ ಹಿಂದೆ ಇದ್ದದ್ದು ಕ್ಷೌರದಂಗಡಿ, ಹೋಟೆಲುಗಳ ಪ್ರವೇಶದ ಪ್ರಶ್ನೆ. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಆಮೇಲೆ ಹೈಕೋರ್ಟಿಗೆ ಹೋಯಿತು. ಒಂದು ಊರಿನಿಂದ ಅಷ್ಟು ಮಂದಿ! ಆ ಸಂಖ್ಯೆಯ ಮುಂದೆ ನನ್ನ ಪೆನ್ನು ನಿಂತುಬಿಡುತ್ತದೆ.

2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ವರ್ಣಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ದಲಿತ ಸಂಘಟನೆಗಳು ಜಾತಿಯನ್ನೂ ಅಲ್ಲಿ ಚರ್ಚಿಸಿ ಎಂದವು. ಜಾತಿಯೂ ಜನಾಂಗವೂ ಒಂದಲ್ಲ ಎಂದು ನಮ್ಮ ಸರ್ಕಾರ ಒಪ್ಪಲಿಲ್ಲ. ಪಂಡಿತರ ಮಟ್ಟದಲ್ಲಿ ಆ ವಾದಕ್ಕೆ ಅರ್ಥವಿರಬಹುದು. ಕಟ್ಟೆಯ ಅಂಚಿಗೆ ಕೂತವರಿಗೆ ಅದರಿಂದ ಆಗುವುದೇನು? ದಕ್ಷಿಣ ಆಫ್ರಿಕದಲ್ಲಿ ಬಣ್ಣ ನೋಡಿ ಹೊರಗಿಟ್ಟರು. ಇಲ್ಲಿ ಬಣ್ಣವೂ ಅದೇ, ಮಾತೂ ಅದೇ, ಗಂಗಾಳದಲ್ಲಿ ಜೋಳದ ರೊಟ್ಟಿಯೂ ಅದೇ. ಯಾರ ಮಗ ಎಂದು ಗೊತ್ತಿದ್ದರೆ ಸಾಕು.

*

ಮಸ್ಕಿಯ ಬಂಡೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಕಂಡ ಶಾಸನ. ಅಶೋಕನ ಹೆಸರು ಇದರಲ್ಲಿದೆ ಎಂಬುದನ್ನು ಪ್ರವಾಸಕ್ಕೆ ಬಂದ ಮಕ್ಕಳೆಲ್ಲ ಬರೆದುಕೊಳ್ಳುತ್ತಾರೆ. ಈ ಗುರಿ ದೊಡ್ಡವರಿಗಷ್ಟೇ ದಕ್ಕುವುದೆಂದು ತಿಳಿಯಬೇಡಿ, ಸಣ್ಣವನೂ ಧರ್ಮದಲ್ಲಿ ನಡೆದರೆ ಪಡೆಯಬಲ್ಲ, ಇದನ್ನು ಇಬ್ಬರಿಗೂ ತಿಳಿಸಿ ಎಂಬ ಅರ್ಥದ ಮಾತೂ ಅದೇ ಬಂಡೆಯ ಮೇಲಿದೆ. ಅದನ್ನು ಬರೆದುಕೊಂಡ ಮಗುವನ್ನು ನಾನು ಕಂಡಿಲ್ಲ.

*

ಗುಳೆಯಿಂದ ಬಂದ ಕೇರಿಯ ಹುಡುಗನೊಬ್ಬ ಸಿಕ್ಕಿದ್ದ. ಬೆಂಗಳೂರಿನ ಶೆಡ್ಡಿನಲ್ಲಿ ಬಿಹಾರದವರ ಜೊತೆ ಒಂದೇ ಕುಕ್ಕರಿನಲ್ಲಿ ಅನ್ನ ಮಾಡುತ್ತಾನೆ. "ಅಲ್ಲಿ ಯಾರೂ ಕೇಳಂಗಿಲ್ರಿ ಸರ. ಬಾಡಿಗಿ ಮನಿ ನೋಡಾಕ ಹೋದಾಗ ಅಷ್ಟ ಕೇಳ್ತಾರ. ಇಲ್ಲಿ ಬಸ್ ಇಳದ ಕೂಡ್ಲೆ ನನಗ ನಾನೇ ನೆನಪಾಗ್ತೀನಿ" ಅಂದ.

ಈ ಸಲ ಊರಿಗೆ ಬಂದಾಗ ಹೋಟೆಲಿನ ಬೆಂಚಿನ ಮೇಲೇ ಕೂಡುತ್ತೇನೆ ಎಂದು ಗೆಳೆಯರಿಬ್ಬರಿಗೆ ಫೋನಿನಲ್ಲಿ ಹೇಳಿದ್ದನಂತೆ. ಕೂತೆಯಾ ಎಂದು ಕೇಳಿದೆ. "ನಾಳೆ ಮೂವರೂ ಹೊಂಟೀವಿ, ನೀವೂ ಬರ್ರಿ" ಅಂದ. ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಂಡಿದ್ದೇನೆ: ಬೆಳಿಗ್ಗೆ ಏಳೂವರೆ.