ಹಾವಸೆಯೊಳಗಿನ ಹುಳಕ್ಕೊಂದು ಹೆಸರು

ಕಮಲಾಪುರದಲ್ಲಿ ನಮ್ಮ ಕಾಕಾನ ಬಾಳೆತೋಟದೊಳಗೆ ಒಂದು ಹಳೆಯ ಕಲ್ಲುಬಾವಿ ಇದೆ. ಬೇಸಿಗೆಯಲ್ಲಿ ಅದರ ಗೋಡೆಗೆ ಕರಿ ಹಕ್ಕಳೆ ಅಂಟಿದಂತೆ ಕಾಣುತ್ತದೆ. ಮುಂಗಾರಿನ ಎರಡು ಮಳೆ ಬಿದ್ದರೆ ಸಾಕು, ಆ ಹಕ್ಕಳೆಯೇ ಹಸಿರಾಗಿ ಉಬ್ಬಿ ನಿಲ್ಲುತ್ತದೆ. ಕೆರೆಯ ನೀರಿನ ಪಾಚಿಗೂ ಇದಕ್ಕೂ ನಾವು ಒಂದೇ ಹೆಸರು ಹೇಳುತ್ತೇವೆ. ನಾನು ಹೇಳುತ್ತಿರುವುದು ಕಲ್ಲಿನ ಮೇಲೆ ಮಖಮಲ್ಲಿನಂತೆ ಬೆಳೆಯುವ ಹಾವಸೆ, ಮಾಸ್ ಎಂಬ ಪುಟ್ಟ ಸಸ್ಯ. ಮೂರು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಹಳೆಯ ಚಾಕು, ಕಾಗದದ ಚೀಲ ಹಿಡಿದು ಆ ಬಾವಿಯ ಮೆಟ್ಟಿಲ ಮೇಲೆ ಕೂತಿದ್ದೆ.

“ಏನವ್ವಾ, ಗ್ವಾಡಿ ಯಾಕ್ ಕೆರೀಲತ್ತಿ?” ಎಂದ ಕಾಕಾ.

“ಹುಳ ಹುಡುಕ್ಲತ್ತೀನಿ ಕಾಕಾ.”

“ಬಾಳಿಗಿಡದಾಗ ಬೇಕಾದಷ್ಟು ಹುಳ ಅವ. ಅವನ್ನೂ ಒಯ್ಯಿ, ಪುಣ್ಯಾ ಬರ್ತದ.”

ನಾನು ಹುಡುಕುತ್ತಿದ್ದುದು ಸ್ಪ್ರಿಂಗ್‌ಟೇಲ್. ಒಂದೆರಡು ಮಿಲಿಮೀಟರ್ ಉದ್ದದ ಜೀವಿ. ಹೊಟ್ಟೆಯ ಕೆಳಗೆ ಮಡಚಿಟ್ಟ ಕವಲೊಂದಿರುತ್ತದೆ. ಹೆದರಿದರೆ ಅದನ್ನು ನೆಲಕ್ಕೆ ಬಡಿದು ಚಿಮ್ಮಿ ಮಾಯವಾಗುತ್ತದೆ. ಆರು ಕಾಲಿರುವುದರಿಂದ ಬಹುಕಾಲ ಇದನ್ನು ಕೀಟ ಎಂದೇ ಎಣಿಸಿದ್ದರು. ಬಾಯಿಯ ಅಂಗಗಳು ತಲೆಯೊಳಗೆ ಹುದುಗಿರುವುದು ಮುಂತಾದ ಕಾರಣಗಳಿಂದ ಈಗ ಕೀಟಗಳ ಪಕ್ಕದಲ್ಲಿ ಬೇರೆ ಗುಂಪಾಗಿ ಇಡುತ್ತಾರೆ. ಊರಲ್ಲಿ ಮಾತ್ರ ಇದೂ ಹುಳವೇ.

ಸಣ್ಣದಾದರೂ ಇದರ ವಂಶ ದೊಡ್ಡದು. ಸ್ಕಾಟ್ಲೆಂಡಿನ ರೈನೀ ಎಂಬಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಸ್ಪ್ರಿಂಗ್‌ಟೇಲ್ ಇದೆ. 1926ರಲ್ಲಿ ಅದನ್ನು ವಿವರಿಸಿ ಹೆಸರಿಟ್ಟವರು ಇಬ್ಬರು: ಹರ್ಸ್ಟ್ ಮತ್ತು ನಮ್ಮ ದೇಶದವರಾದ ಸಮರೇಂದ್ರ ಮೌಲಿಕ್. ಹಾವಸೆಗೂ ಇವುಗಳಿಗೂ ನಂಟಿದೆ. ಹಾವಸೆಯ ಗಂಡು ಕೋಶ ನೀರಿನಲ್ಲಿ ಈಜಿ ಹೆಣ್ಣು ಗಿಡ ಸೇರಬೇಕು ಎಂದು ನಾವು ಓದಿದ್ದೆವು. ಸ್ವೀಡನ್ನಿನ ಲುಂಡ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗಂಡು ಹೆಣ್ಣು ಗಿಡಗಳನ್ನು ದೂರ ಇಟ್ಟಾಗ ಸ್ಪ್ರಿಂಗ್‌ಟೇಲ್ ಮತ್ತು ಮೈಟ್‌ಗಳೇ ಆ ಕೋಶಗಳನ್ನು ಹೊತ್ತು ದಾಟಿಸಿದವು. ಹೂವಿಗೆ ಜೇನು ಇದ್ದಂತೆ.

ಕಲಬುರಗಿಯ ನನ್ನ ಕೋಣೆಯಲ್ಲಿ ಹಾವಸೆಯನ್ನು ಜಾಲರಿ ಹಾಕಿದ ಲಾಳಿಕೆಯೊಳಗೆ ಹರಡಿ, ಮೇಲೆ 40 ವ್ಯಾಟಿನ ಬಲ್ಬು ತೂಗಿಬಿಟ್ಟೆ. ಕೆಳಗೆ ಆಲ್ಕೋಹಾಲಿನ ಸೀಸೆ. ಮೇಲಿಂದ ಹಾವಸೆ ಒಣಗುತ್ತ ಬಂದಂತೆ ಹುಳಗಳು ತಂಪು ಹುಡುಕಿ ಕೆಳಗಿಳಿದು ಸೀಸೆಗೆ ಬೀಳುತ್ತವೆ. ಎರಡು ದಿನಕ್ಕೆ ಹನ್ನೊಂದು ಸಿಕ್ಕವು. ಹತ್ತು ಒಂದೇ ಬಗೆಯವು. ಹನ್ನೊಂದನೆಯದು ನೀಲಿ ಬೂದು ಬಣ್ಣದ್ದು, ಬೇರೆಯಾಗಿತ್ತು.

ಇವುಗಳ ತಲೆಯಲ್ಲಿ ಒಂದೊಂದು ಬದಿಗೆ ಹೆಚ್ಚೆಂದರೆ 8 ಬಿಡಿಗಣ್ಣುಗಳಿರುತ್ತವೆ. ಇದಕ್ಕೆ 5. ಉಗುರಿನ ಒಳಅಂಚಿನಲ್ಲಿ ಹಲ್ಲಿಲ್ಲ. ನನ್ನ ಬಳಿಯಿದ್ದ ಯಾವ ಗುರುತಿನ ಕೋಷ್ಟಕಕ್ಕೂ ಅದು ಹೊಂದಲಿಲ್ಲ. ಕೀಟಶಾಸ್ತ್ರ ಓದಿದವರಿಗೆಲ್ಲ ಪಠ್ಯಪುಸ್ತಕದಿಂದ ಗೊತ್ತಿರುವ ಇಮ್ಸ್, 1912ರಲ್ಲಿ ಭಾರತ, ಬರ್ಮಾ, ಸಿಲೋನಿನ ಸ್ಪ್ರಿಂಗ್‌ಟೇಲ್‌ಗಳ ಬಗ್ಗೆ ಬರೆದಿದ್ದರು. ಅದನ್ನೂ ಹುಡುಕಿ ಓದಿದೆ. ಅಲ್ಲೂ ಇಲ್ಲ. ಅವತ್ತು ರಾತ್ರಿಯೇ ಮನಸ್ಸಿನಲ್ಲಿ ಹೆಸರಿಟ್ಟುಬಿಟ್ಟೆ: ಕಮಲಾಪುರೆನ್ಸಿಸ್. ಊರಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಊರ ಹೆಸರು ಹೊತ್ತ ಎರಡನೆಯದು ಇದೇ ಆಗಲಿ ಎಂದುಕೊಂಡೆ.

ಹೊಸ ಪ್ರಭೇದವನ್ನು ವಿವರಿಸುವುದಕ್ಕೆ ನಿಯಮಗಳಿವೆ. ಪ್ರಾಣಿ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಈಗಿನ ಆವೃತ್ತಿ 2000ದಿಂದ ಜಾರಿಯಲ್ಲಿದೆ. ಅದನ್ನು ಓದುವಾಗ ನನಗೆ ಖುಷಿ ಕೊಟ್ಟ ಒಂದು ವಿಷಯವೆಂದರೆ, ಹೆಸರು ಲ್ಯಾಟಿನ್ ಅಕ್ಷರಗಳಲ್ಲಿರಬೇಕು, ಆದರೆ ವಿವರಣೆ ಇಂಥ ಭಾಷೆಯಲ್ಲೇ ಇರಬೇಕೆಂಬ ಕಟ್ಟಳೆಯಿಲ್ಲ. ಹೆಚ್ಚು ಜನ ಬಲ್ಲ ಭಾಷೆಯಾದರೆ ಒಳ್ಳೆಯದು ಎಂಬ ಸಲಹೆ ಮಾತ್ರ. ಹಾಗಾದರೆ ಕನ್ನಡದಲ್ಲಿ ಬರೆದು ನೋಡೋಣ ಎಂದು ಕೂತೆ.

ಕಷ್ಟ ಆಗ ಗೊತ್ತಾಯಿತು. ಪದಗಳು ಹೇಗೋ ಸಿಕ್ಕವು: ಚಿಮ್ಮುಗವಲು, ಬಿರುಗೂದಲು, ಬಿಡಿಗಣ್ಣು. ಅಡ್ಡ ಬಂದದ್ದು ನನ್ನ ಅಭ್ಯಾಸ. ಕವಿರಾಜಮಾರ್ಗ ಹುಟ್ಟಿದ ಮಾನ್ಯಖೇಟ, ಈಗಿನ ಮಳಖೇಡ, ನಮ್ಮ ಜಿಲ್ಲೆಯಲ್ಲೇ ಇದೆ. ಉಪಮೆ ರೂಪಕಗಳ ಲಕ್ಷಣ ಹೇಳುವ 9ನೇ ಶತಮಾನದ ಪುಸ್ತಕ ಅದು. ವರ್ಣನೆ ಎಂದರೆ ಒಂದನ್ನು ಇನ್ನೊಂದಕ್ಕೆ ಹೋಲಿಸುವುದು ಎಂದೇ ನಾನೂ ಕಲಿತಿದ್ದೆ. “ಮಳೆಮೋಡದ ಬಣ್ಣ” ಎಂದು ಬರೆದು ಹೊಡೆದುಹಾಕಿದೆ. ಇಲ್ಲಿ ಬೇಕಾದದ್ದು ಹೋಲಿಕೆಯಲ್ಲ, ತನ್ನ ಹತ್ತಿರದ ಬಂಧುಗಳಿಂದ ಇದು ಎಲ್ಲೆಲ್ಲಿ ಬೇರೆ ಎಂಬ ಲೆಕ್ಕ. ಹಾಗೆ ಹೇಳಬೇಕಾದರೆ ಆ ಬಂಧುಗಳೆಲ್ಲ ನನಗೆ ಗೊತ್ತಿರಬೇಕು. ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟ ಸ್ಪ್ರಿಂಗ್‌ಟೇಲ್‌ಗಳೇ ಸುಮಾರು 9,000.

ಕವಲಿನ ತುದಿ ನೋಡುವುದೊಂದು ಬಾಕಿ ಇತ್ತು. ಸ್ಲೈಡಿನ ಮೇಲೆ ಹುಳವನ್ನು ಅಂಗಾತ ಮಾಡಲು ಗಾಜಿನ ಹೊದಿಕೆಯನ್ನು ಸೂಜಿಯಿಂದ ಒಂಚೂರು ಸರಿಸಿದೆ. ಕೈ ಭಾರ ಬಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಲೆ ಒಂದು ಕಡೆ, ಕವಲು ಒಂದು ಕಡೆ, ನಡುವೆ ಬರೀ ಕಲೆ.

ಹೆಸರಿಗೆ ಆಧಾರವಾಗಿ ಒಂದು ಮಾದರಿ ಇರಬೇಕು. ಅದಕ್ಕೆ ಹೋಲೋಟೈಪ್ ಎನ್ನುತ್ತಾರೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಅದನ್ನೇ ತೆಗೆದು ನೋಡಬೇಕು. ತಜ್ಞರೊಬ್ಬರಿಗೆ ಚಿತ್ರಗಳನ್ನು ಕಳಿಸಿದೆ. ಅವರ ಉತ್ತರ ಚಿಕ್ಕದಾಗಿತ್ತು: ಇದು ಮರಿಯೂ ಇರಬಹುದು, ಪೊರೆ ಬಿಡುತ್ತ ಹೋದಂತೆ ಕೂದಲುಗಳ ಲೆಕ್ಕ ಬದಲಾಗುತ್ತದೆ, ಇನ್ನಷ್ಟು ಹಿಡಿದು ತನ್ನಿ.

ಮುಂದಿನ ಮಳೆಗಾಲಕ್ಕೆ ಹೋದರೆ ಬಾವಿಯ ಗೋಡೆ ಬೆಳ್ಳಗಿತ್ತು. ಮೊಮ್ಮಗ ಹಾವಸೆಯ ಮೇಲೆ ಕಾಲಿಟ್ಟು ಜಾರಿ ಬಿದ್ದಿದ್ದನಂತೆ. ಕಾಕಾ ಎಲ್ಲ ಕೆರೆಸಿ ಸಿಮೆಂಟ್ ಬಳಿಸಿದ್ದ. ಏನು ಹೇಳಲಿ? ಮಗುವಿನ ಕೈಗೆ ಇನ್ನೂ ಪಟ್ಟಿ ಇತ್ತು. ನಾನು ಸುಮ್ಮನೆ ಚಹಾ ಕುಡಿದೆ. ನನ್ನ ಮುಖ ನೋಡಿ ಕಾಕಾನೇ ಕೇಳಿದ, “ಅದರಾಗೇನಾರ ಇತ್ತೇನವ್ವಾ?” ನೋಟ್‌ಬುಕ್ ತೆಗೆದು ಕನ್ನಡದ ವಿವರಣೆ ಓದಿದೆ. ಐದು ಕಣ್ಣು, ಹಲ್ಲಿಲ್ಲದ ಉಗುರು. ಇಂಗ್ಲಿಷಿನಲ್ಲಿ ಬರೆದಿದ್ದರೆ ಅವನಿಗೆ ಓದಿ ಹೇಳಲು ಆಗುತ್ತಿರಲಿಲ್ಲ. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಅದು ಹೊಸ ಪ್ರಭೇದ ಎಂದು ನಾನೀಗ ಹೇಳುವುದಿಲ್ಲ. ಹೇಳಲು ನನ್ನ ಬಳಿ ಏನೂ ಇಲ್ಲ. ವಿದ್ಯಾರ್ಥಿಗಳಿಗೆ ಆ ಒಡೆದ ಸ್ಲೈಡ್ ತೋರಿಸಿ, ಒಂದೇ ಒಂದು ಸಿಕ್ಕಾಗ ಮುಟ್ಟುವ ಮೊದಲು ಚಿತ್ರ ಬರೆಯಿರಿ ಎನ್ನುತ್ತೇನೆ.

ಈ ವರ್ಷ ಮುಂಗಾರು ಶುರುವಾದ ವಾರ ಕಾಕಾ ಫೋನ್ ಮಾಡಿದ. “ಮಳಿ ಬಂತವ್ವಾ. ಆಚಿ ಹೊಲದ ಹಾಳ್ ಬಾಂವಿಗಿ ಹಾವಸಿ ಬಂದದ. ಯಾರಿಗೂ ಕೆರೀಲಾಕ್ ಬಿಟ್ಟಿಲ್ಲ. ಯಾವಾಗ ಬರ್ತಿ?”

ಭಾನುವಾರ ಬೆಳಿಗ್ಗೆ ಹುಮನಾಬಾದ್ ಬಸ್ ಹತ್ತಿದೆ. ಚೀಲದಲ್ಲಿ ಆರು ಸೀಸೆಗಳಿದ್ದವು.