ಕೊಪ್ಪದ ಸಹಕಾರ ಸಾರಿಗೆ

ಮಲೆನಾಡಿನ ಊರು ಬಯಲುಸೀಮೆಯ ಊರಿನಂತಲ್ಲ. ಬಯಲುಸೀಮೆಯಲ್ಲಿ ನೂರಾರು ಮನೆಗಳು ಒಂದರ ಮಗ್ಗುಲಿಗೊಂದು ಗೋಡೆ ತಾಗಿಸಿಕೊಂಡು ನಿಂತಿರುವುವು; ಅರಳಿಕಟ್ಟೆಯ ಬಳಿ ಬಸ್ಸು ನಿಂತಿತೆಂದರೆ ಊರಿಗೆ ಊರೇ ಹತ್ತಬಹುದು. ಇಲ್ಲಿಯಾದರೋ ಗುಡ್ಡದ ಒಂದೊಂದು ಮಗ್ಗುಲಿಗೆ ಒಂದೊಂದು ಮನೆ, ಅದರ ಕೆಳಗೆ ಅಡಿಕೆಯ ತೋಟ, ಹಳ್ಳದ ಮೇಲಿನ ಸಂಕವನ್ನು ದಾಟಿದರೆ ಮತ್ತೊಂದು ಮನೆ. ತುಂಗೆಯ ದಡದಲ್ಲಿ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿಗಳು. ಭದ್ರೆಯ ದಡದಲ್ಲಿ ಕಳಸ, ಬಾಳೆಹೊನ್ನೂರುಗಳು. ಇವೆರಡು ನದಿಗಳ ನಡುವಣ ನೆಲದಲ್ಲಿ ಕೊಪ್ಪ. ಈ ಸೀಮೆಯಲ್ಲಿ ಸಂಚರಿಸುವವನಿಗೆ ಮೊದಲು ಕಣ್ಣಿಗೆ ಬೀಳುವುದು ಕಾಡು ಮತ್ತು ಮಳೆ. ನಾಲ್ಕು ದಿನ ನಿಂತರೆ ಮಾತ್ರ ತಿಳಿಯುತ್ತದೆ, ಇಲ್ಲಿಯ ಜೀವನವೆಲ್ಲ ಬಸ್ಸೆಂಬ ಒಂದು ದಾರದಲ್ಲಿ ಪೋಣಿಸಲ್ಪಟ್ಟಿದೆಯೆಂದು.

ಇಲ್ಲಿ ಬಸ್ಸು ಜನರನ್ನು ಸಾಗಿಸುವುದಷ್ಟೇ ಅಲ್ಲ. ಔಷಧದ ಪೊಟ್ಟಣ, ದಿನಪತ್ರಿಕೆಯ ಕಟ್ಟು, ಪಂಪಿನ ಬಿಡಿಭಾಗ, ಮದುವೆಯ ಕರೆಯೋಲೆ, ಎಲ್ಲವೂ ಅದರಲ್ಲಿಯೇ ಬರತಕ್ಕವು. ಕೈಮರದ ಬಳಿ ನಿತ್ಯ ನಿಲ್ಲುವ ಹುಡುಗಿ ಕಾಣದಿದ್ದರೆ ಕಂಡಕ್ಟರನು ಅರೆಗಳಿಗೆ ಸೀಟಿ ಊದದೆ ಕಾಯುತ್ತಾನೆ. “ಅಮ್ಮಾ, ನಿಧಾನ ಇಳೀರಿ, ಜಾರ್ತದೆ” ಎಂದು ಮುದುಕಿಯ ಚೀಲವನ್ನು ತಾನೇ ಇಳಿಸಿಕೊಡುತ್ತಾನೆ. ಇಂಥ ಬಸ್ಸು ಯಾರದಾಗಿರಬೇಕು ಎಂಬ ಪ್ರಶ್ನೆಗೆ ಕೊಪ್ಪದ ಜನರು ಒಮ್ಮೆ ಅಪೂರ್ವವಾದ ಉತ್ತರವನ್ನು ಕೊಟ್ಟರು. ಅದನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಕೊಪ್ಪದಲ್ಲಿ ಹಿಂದೆ ಶಂಕರ್ ಕಂಪನಿಯೆಂಬ ಖಾಸಗಿ ಸಾರಿಗೆಯ ಸಂಸ್ಥೆಯಿತ್ತು. ಒಡೆಯರಿಗೂ ಕಾರ್ಮಿಕರಿಗೂ ವಿವಾದ ಹುಟ್ಟಿ, ಕಂಪನಿಯು ಕೊನೆಗೆ ನಿಂತುಹೋಯಿತು. ಕಾರ್ಮಿಕರಿಗೆ ಸಲ್ಲಬೇಕಾಗಿದ್ದ ಹಣಕ್ಕೆ ಬದಲಾಗಿ ದೊರೆತುದು ಆರು ಬಸ್ಸುಗಳು. ಬೇರೆಯವರಾಗಿದ್ದರೆ ಅವುಗಳನ್ನು ಮಾರಿ, ಹಣವನ್ನು ಹಂಚಿಕೊಂಡು, ತಂತಮ್ಮ ದಾರಿ ಹಿಡಿಯುತ್ತಿದ್ದರೋ ಏನೋ. ಇವರು ಹಾಗೆ ಮಾಡಲಿಲ್ಲ. ೧೯೯೧ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿ, ‘ಸಹಕಾರ ಸಾರಿಗೆ’ ಎಂಬ ಹೆಸರಿನಿಂದ ತಾವೇ ಬಸ್ಸು ಓಡಿಸತೊಡಗಿದರು. ಚಕ್ರ ತಿರುಗಿಸುವವನೂ, ಚೀಟಿ ಹರಿಯುವವನೂ, ಗ್ಯಾರೇಜಿನಲ್ಲಿ ಎಣ್ಣೆಮಸಿಯಾಗುವವನೂ ಸಂಘದ ಸದಸ್ಯರು; ಆದುದರಿಂದ ಒಡೆಯರು. ಆರು ಬಸ್ಸುಗಳು ಕಾಲಕ್ರಮದಲ್ಲಿ ೭೦ಕ್ಕೂ ಹೆಚ್ಚಾದುವು. ವಿದ್ಯಾರ್ಥಿಗಳಿಗೆ ರಿಯಾಯಿತಿಯ ಪಾಸುಗಳು ದೊರೆತುವು.

ಇದರಲ್ಲಿ ಹೊಸತೇನು? ಬಸ್ಸಿನ ವ್ಯಾಪಾರದ ಮರ್ಮವನ್ನು ಬಲ್ಲವರಿಗೆ ಇದು ತಿಳಿಯುತ್ತದೆ. ಬಸ್ಸಿನಲ್ಲಿ ಐವತ್ತು ಮಂದಿ ಕುಳಿತರೂ ಐದು ಮಂದಿ ಕುಳಿತರೂ ಡೀಸೆಲು, ತೆರಿಗೆ, ವಿಮೆ, ಸಂಬಳ ಇವುಗಳ ವೆಚ್ಚ ಹೆಚ್ಚುಕಡಮೆ ಒಂದೇ. ತುಂಬಿ ಓಡುವ ಹೆದ್ದಾರಿಯ ರೂಟು ಲಾಭ ಕೊಡುತ್ತದೆ. ಕಾಡಿನೊಳಗಣ ಹಳ್ಳಿಯ ರೂಟು ಅದನ್ನು ತಿನ್ನುತ್ತದೆ. ಲಾಭವೊಂದನ್ನೇ ನೋಡುವ ಒಡೆಯನು ಎರಡನೆಯದನ್ನು ಮೊದಲು ಬಿಡುವನು. ಆದರೆ ಒಡೆಯನೇ ಆ ಹಳ್ಳಿಯವನಾಗಿದ್ದು, ಅವನ ಮಗಳೇ ಆ ಬಸ್ಸಿನಲ್ಲಿ ಶಾಲೆಗೆ ಹೋಗುವವಳಾಗಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ನಷ್ಟವೆಂದು ಪುಸ್ತಕದಲ್ಲಿ ಬರೆದುದು ಮನೆಯಲ್ಲಿ ಲಾಭವಾಗಿ ಕಾಣುತ್ತದೆ.

ಯೋಗಕ್ಷೇಮವೆಂಬ ಮಾತನ್ನು ನಾವು ಕಾಗದದ ಮೊದಲ ಸಾಲಿನಲ್ಲಿ ಬರೆದು ಮರೆಯುತ್ತೇವೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಹಿರಿಯರು ಅದನ್ನು ಬಿಡಿಸಿ ಹೇಳಿದ್ದಾರೆ. ಕೊಪ್ಪದವರಿಗೆ ಯೋಗವು ಸಿದ್ಧಿಸಿತು, ಕ್ಷೇಮವು ಕಷ್ಟವಾಯಿತು. ಡೀಸೆಲಿನ ಬೆಲೆ ಏರಿತು, ಇತರ ವೆಚ್ಚಗಳೂ ಏರಿದುವು. ಟಿಕೆಟ್ಟಿನ ದರವನ್ನಾದರೋ ಸಂಘವು ತನಗೆ ತೋರಿದಂತೆ ಏರಿಸುವಂತಿಲ್ಲ. ಅದು ಸರ್ಕಾರವು ವಿಧಿಸಿದ ಮಿತಿಯೊಳಗಿರತಕ್ಕದ್ದು. ಮನೆಮನೆಗೆ ಬಂದ ಬೈಕು ಬಸ್ಸಿನ ಜನರನ್ನು ಕಡಮೆ ಮಾಡಿತು. ಒಡೆಯನೂ ಆಳೂ ಒಬ್ಬನೇ ಆಗಿರುವಲ್ಲಿ, ಕಷ್ಟಕಾಲದಲ್ಲಿ ಆಳನ್ನು ಬಿಡಿಸುವುದು ಹೇಗೆ? ಹೊಸ ಬಸ್ಸಿಗೆ ಬಂಡವಾಳ ತರುವುದೆಲ್ಲಿಂದ? ೨೦೨೦ರ ಫೆಬ್ರವರಿಯಲ್ಲಿ, ಸುಮಾರು ೨೯ ವರ್ಷಗಳ ತರುವಾಯ, ಸಹಕಾರ ಸಾರಿಗೆಯ ಬಸ್ಸುಗಳು ನಿಂತುವು. ಮುಂದಿನ ತಿಂಗಳೇ ಮಹಾಮಾರಿಯಿಂದಾಗಿ ನಾಡಿನ ಬಸ್ಸುಗಳೆಲ್ಲ ನಿಂತುವೆಂಬುದು ಬೇರೆಯ ಮಾತು. ಅವು ಮತ್ತೆ ಹೊರಟುವು, ಇವು ಹೊರಡಲಿಲ್ಲ.

ಬಸ್ಸನ್ನು ನಡೆಸುವ ಬೇರೆ ಮಾರ್ಗಗಳೂ ಉಂಟು. ಮೈಸೂರು ಸರ್ಕಾರವು ೧೯೪೮ರ ಸೆಪ್ಟೆಂಬರ್ ೧೨ರಂದು ೧೨೦ ಬಸ್ಸುಗಳಿಂದ ತನ್ನ ಸಾರಿಗೆಯ ಇಲಾಖೆಯನ್ನು ಪ್ರಾರಂಭಿಸಿತು. ೧೯೬೧ರಲ್ಲಿ ಅದು ನಿಗಮವಾಯಿತು. ರಾಜ್ಯವೇ ಒಡೆಯನಾದುದರಿಂದ ನಷ್ಟದ ದಾರಿಯಲ್ಲಿಯೂ ಬಸ್ಸು ಬಿಡುವ ಬಲ ಅದಕ್ಕುಂಟು. ಇನ್ನೊಂದು ಮಾರ್ಗವು ಒಂದೂ ಬಸ್ಸಿಲ್ಲದೆ ಬಸ್ಸಿನ ವ್ಯಾಪಾರ ಮಾಡುವುದು! ೨೦೦೬ರಲ್ಲಿ ಬೆಂಗಳೂರಿನಲ್ಲಿ ಫಣೀಂದ್ರ ಸಾಮ ಮತ್ತು ಅವರ ಗೆಳೆಯರು ಪ್ರಾರಂಭಿಸಿದ ‘ರೆಡ್‌ಬಸ್’ ಇಂಥದು. ಯಾವ ಬಸ್ಸಿನಲ್ಲಿ ಯಾವ ಆಸನ ತೆರಪಾಗಿದೆಯೆಂಬುದನ್ನು ಒಂದೇ ಕಡೆ ತೋರಿಸಿ, ಟಿಕೆಟ್ಟು ಮಾರಿ, ಬಸ್ಸಿನವರಿಂದ ಕಮಿಷನ್ನು ಪಡೆಯುವುದು ಅದರ ಕ್ರಮ. ಜರ್ಮನಿಯಲ್ಲಿ ಹುಟ್ಟಿ ೨೦೨೪ರಲ್ಲಿ ಭಾರತಕ್ಕೆ ಬಂದ ‘ಫ್ಲಿಕ್ಸ್‌ಬಸ್’ ಇನ್ನೂ ಒಂದು ಹೆಜ್ಜೆ ಮುಂದೆ: ಬಣ್ಣ, ಹೆಸರು, ವೇಳಾಪಟ್ಟಿ ಅದರದು, ಬಸ್ಸೂ ಚಾಲಕನೂ ಸ್ಥಳೀಯ ಮಾಲೀಕರವರು. ದೂರದೂರಿಗೆ ರಾತ್ರಿಯ ಪ್ರಯಾಣ ಹೊರಡುವವರಿಗೆ ಇವುಗಳಿಂದಾದ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ತೆರಪಾದ ಆಸನವನ್ನು ಹುಡುಕಿಕೊಡುವ ಈ ವಿದ್ಯೆಯು ಬಸ್ಸೇ ಇಲ್ಲದ ಕೈಮರಕ್ಕೆ ಬಸ್ಸನ್ನು ತಂದು ನಿಲ್ಲಿಸಲಾರದು.

ಬಸ್ಸೆಂಬ ಶಬ್ದದ ಕಥೆಯೂ ಇಲ್ಲಿ ಸ್ಮರಣೀಯವಾಗಿದೆ. ಸುಮಾರು ೧೮೨೬ರಲ್ಲಿ ಫ್ರಾನ್ಸ್ ದೇಶದ ನಾಂತ್ ಪಟ್ಟಣದಲ್ಲಿ ಸ್ಟಾನಿಸ್ಲಾಸ್ ಬೋದ್ರಿ ಎಂಬಾತನು ತನ್ನ ಸ್ನಾನಗೃಹಕ್ಕೆ ಗಿರಾಕಿಗಳನ್ನು ತರಲು ಕುದುರೆಯ ಗಾಡಿಗಳನ್ನು ಓಡಿಸಿದನು. ಜನರಾದರೋ ಸ್ನಾನಕ್ಕೆ ಹೋಗದೆ ನಡುದಾರಿಯಲ್ಲಿಯೇ ತಂತಮ್ಮ ಕೆಲಸಕ್ಕೆ ಇಳಿದುಹೋಗುತ್ತಿದ್ದರು. ಬುದ್ಧಿವಂತನಾದ ಆತನು ಗಾಡಿಯನ್ನೇ ವ್ಯಾಪಾರ ಮಾಡಿಕೊಂಡನು. ಅದಕ್ಕೆ ಬಂದ ಹೆಸರು ‘ಓಮ್ನಿಬಸ್’. ಲ್ಯಾಟಿನ್ ಭಾಷೆಯಲ್ಲಿ ಚತುರ್ಥೀ ಬಹುವಚನ, ‘ಎಲ್ಲರಿಗಾಗಿ’ ಎಂದರ್ಥ. ಅದರ ಕೊನೆಯ ‘ಬಸ್’ ನಮ್ಮ ‘ಸರ್ವೇಭ್ಯಃ’ ಎಂಬಲ್ಲಿಯ ‘ಭ್ಯಃ’ ಪ್ರತ್ಯಯದ ಬಂಧು. ‘ಎಲ್ಲರು’ ಎಂಬ ಪ್ರಕೃತಿಯನ್ನು ಲೋಕವು ಬಿಟ್ಟಿತು, ‘ಇಗಾಗಿ’ ಎಂಬ ಬರಿಯ ಪ್ರತ್ಯಯವನ್ನು ಉಳಿಸಿಕೊಂಡಿತು! ಯಾರಿಗಾಗಿ ಎಂಬುದನ್ನು ಆಯಾ ಕಾಲದವರು ತಾವೇ ತುಂಬಿಕೊಳ್ಳಬೇಕಾಗಿದೆ.

೨೦೨೩ರ ಜೂನ್ ೧೧ರಿಂದ ಕರ್ನಾಟಕದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ‘ಶಕ್ತಿ’ ಯೋಜನೆಯಂತೆ ಉಚಿತ ಪ್ರಯಾಣ ದೊರೆತಿದೆ. ಆದರೆ ಖಾಸಗಿ ಬಸ್ಸೊಂದೇ ಬರುವ ಹಳ್ಳಿಯಲ್ಲಿ, ಅದೇ ನಾಡಿನ ಅದೇ ಹೆಣ್ಣುಮಗಳು ಟಿಕೆಟ್ಟಿಗೆ ಹಣ ಎಣಿಸುತ್ತಾಳೆ. ಯಾವ ಬಸ್ಸೂ ಬಾರದಲ್ಲಿ ಮಳೆಯಲ್ಲಿ ನಡೆಯುತ್ತಾಳೆ. ಕೊಡೆಯ ಕೆಳಗೆ ಪುಸ್ತಕದ ಚೀಲವನ್ನು ಎದೆಗವಚಿಕೊಂಡು ಹೋಗುವ ಮಕ್ಕಳನ್ನು ಕಂಡವರಿಗೆ ಇದು ಬರಿಯ ವ್ಯಾಪಾರದ ಪ್ರಶ್ನೆಯಾಗಿ ತೋರದು. ಇಂಥ ಮಗುವಿಗೆ ಬಸ್ಸು ತಪ್ಪಿದರೆ ಒಂದು ದಿನದ ಪಾಠ ತಪ್ಪುತ್ತದೆ. ಬಸ್ಸೇ ನಿಂತರೆ ಓದೇ ನಿಲ್ಲಬಹುದು.

ಸಹಕಾರ ಸಾರಿಗೆಯು ಸೋತಿತೆಂದು ಹೇಳುವವರಿರುವರು. ೨೯ ವರ್ಷ ಕೂಲಿಯವರು ಒಡೆಯರಾಗಿ, ಕಾಡಿನ ಮಕ್ಕಳನ್ನು ಶಾಲೆಗೆ ಮುಟ್ಟಿಸಿದ ಸಂಸ್ಥೆಯನ್ನು ಹಾಗೆನ್ನಲು ನಮಗೆ ಮನಸ್ಸು ಬಾರದು. ನಷ್ಟದ ದಾರಿಯ ಹೊರೆಯನ್ನು ಬಡವರ ಸಂಘವೊಂದೇ ಹೊರಲಾರದೆಂಬುದನ್ನು ಮಾತ್ರ ಅದು ತೋರಿಸಿಕೊಟ್ಟಿತು. ಓಡಿಸುವ ಶ್ರದ್ಧೆ ಕಾರ್ಮಿಕರದು, ಕೊರತೆಯನ್ನು ತುಂಬುವ ಹೊಣೆ ಸರ್ಕಾರದ್ದು ಎಂಬ ಏರ್ಪಾಡೊಂದು ಆಗಬಾರದೇಕೆ? ಮುಂದೆ ಇಂಥ ಸಂಘವನ್ನು ಕಟ್ಟುವವರು ಕೊಪ್ಪದವರ ಧೈರ್ಯವನ್ನೂ ಅವರಿಗೊದಗಿದ ಕಷ್ಟವನ್ನೂ ಒಟ್ಟಿಗೆ ಓದಿಕೊಳ್ಳಲೆಂದು ನಾವು ಹಾರೈಸುತ್ತೇವೆ.